ದುಡಿಯುವ ಕುಟುಂಬಗಳ ಹಿತೈಷಿಗಳಾದ ಡಾಕ್ಟರ್ ಭೀಮರಾವ್ ಅಂಬೇಡ್ಕರ್ ಅವರು

ಕೈಗಾರಿಕೆಯೆಂಬ ಮಾತು ಕಿವಿಗೆ ಬಿದ್ದೊಡನೆ ಶಿವಮೊಗ್ಗ ಮತ್ತು ಭದ್ರಾವತಿಗಳ ಜನರಿಗೆ ಮೊದಲು ಸ್ಮರಣೆಗೆ ಬರುವ ಹೆಸರು ಸರ್ ಎಂ. ವಿಶ್ವೇಶ್ವರಯ್ಯನವರದು. ಭದ್ರಾನದಿಯ ದಡದಲ್ಲಿ 1923ನೆಯ ಇಸವಿಯಲ್ಲಿ ಕಬ್ಬಿಣವನ್ನು ಕರಗಿಸಲಾರಂಭಿಸಿದ ಕಾರ್ಖಾನೆಯು ಆ ಮಹನೀಯರ ದೂರದೃಷ್ಟಿಯ ಫಲವಾಗಿದ್ದು, ಅವರ ಹೆಸರನ್ನೇ ಧರಿಸಿರುವುದು. ಆ ಕಾರ್ಖಾನೆಯಿಂದಲೂ, 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಿಂದಲೂ ಈ ಸೀಮೆಯ ಅಸಂಖ್ಯ ಮನೆಗಳ ಒಲೆಗಳು ಉರಿದವು. ಕಾರ್ಖಾನೆಯನ್ನು ಕಟ್ಟಿಸಿದವರನ್ನು ಕೃತಜ್ಞತೆಯಿಂದ ನೆನೆಯುವುದು ಯುಕ್ತವೇ ಸರಿ. ಆದರೆ ಕಾರ್ಖಾನೆಯ ಬಾಗಿಲನ್ನು ದಾಟಿ ಒಳಹೊಕ್ಕವರು ವಾರಕ್ಕೆ ಎಷ್ಟು ತಾಸು ದುಡಿಯಬೇಕು, ಸಂಬಳಸಹಿತವಾದ ರಜೆ ಅವರಿಗೆ ಉಂಟೇ, ಬಸುರಿಯಾದ ಹೆಂಗಸು ಕೆಲಸವನ್ನು ಕಳೆದುಕೊಳ್ಳದೆ ಹೆರಿಗೆಗೆ ಹೋಗಬಹುದೇ, ಅವಳ ಕೂಸನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಕಾಯಿದೆಗಳ ಹಿಂದೆ ಮತ್ತೊಬ್ಬ ಮಹನೀಯರ ಶ್ರಮವು ಅಡಗಿರುವುದು. ಅವರೇ ಡಾಕ್ಟರ್ ಭೀಮರಾವ್ ರಾಮಜಿ ಅಂಬೇಡ್ಕರ್ ಅವರು.

ರಾಜ್ಯಾಂಗವನ್ನು ರಚಿಸಿದವರೆಂದೂ, ಅಸ್ಪೃಶ್ಯತೆಯ ವಿರುದ್ಧ ಹೋರಾಡಿದವರೆಂದೂ ನಮ್ಮ ವಿದ್ಯಾರ್ಥಿನಿಯರು ಅವರನ್ನು ಬಲ್ಲರು. ಆದರೆ ನಾಲ್ಕು ವರ್ಷಗಳ ಕಾಲ ಅವರು ಈ ದೇಶದ ಕಾರ್ಮಿಕ ಖಾತೆಯನ್ನು ನಡೆಸಿದರೆಂಬುದನ್ನೂ, ಹೆರಿಗೆಯ ಕಾಲದಲ್ಲಿ ಕೂಲಿಯ ಹೆಂಗಸಿಗೆ ವಿಶ್ರಾಂತಿ ದೊರೆಯಬೇಕೆಂದು ಶಾಸನಸಭೆಯಲ್ಲಿ ವಾದಿಸಿದರೆಂಬುದನ್ನೂ ಬಲ್ಲವರು ವಿರಳ. ಆದಕಾರಣ ಅವರ ಜೀವನಚರಿತ್ರೆಯನ್ನು ವಿಶೇಷವಾಗಿ ಈ ದೃಷ್ಟಿಯಿಂದ ಇಲ್ಲಿ ಸಂಗ್ರಹವಾಗಿ ಬರೆಯಲಾಗಿದೆ.

ಭೀಮರಾಯರು 1891ನೆಯ ಇಸವಿ ಏಪ್ರಿಲ್ ತಿಂಗಳ 14ನೆಯ ತಾರೀಖಿನಂದು ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ ಜನ್ಮವೆತ್ತಿದರು. ತಂದೆಯವರಾದ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದರು. ತಾಯಿಯ ಹೆಸರು ಭೀಮಾಬಾಯಿ. ಈ ದಂಪತಿಗಳಿಗೆ ಹುಟ್ಟಿದ ಹದಿನಾಲ್ಕು ಮಕ್ಕಳಲ್ಲಿ ಭೀಮರಾಯರೇ ಕಡೆಯವರು. ಅವರಿನ್ನೂ ಚಿಕ್ಕ ಬಾಲಕರಾಗಿರುವಾಗಲೇ ತಾಯಿ ತೀರಿಕೊಂಡಳು. ಸೋದರತ್ತೆಯಾದ ಮೀರಾಬಾಯಿಯು ತಬ್ಬಲಿ ಕೂಸನ್ನು ಸಾಕಿದಳು. ಕುಲದಿಂದ ಮಹಾರರಾದ ಕಾರಣ ಸಾತಾರೆಯ ಶಾಲೆಯಲ್ಲಿ ಅವರು ಉಳಿದ ಮಕ್ಕಳಿಂದ ದೂರ, ಮನೆಯಿಂದ ತಂದ ಗೋಣಿಯ ಮೇಲೆ ಕುಳಿತುಕೊಳ್ಳಬೇಕಾಗಿತ್ತು. ಬಾಯಾರಿದರೆ ಜವಾನನು ಮೇಲಿನಿಂದ ನೀರು ಹೊಯ್ಯಬೇಕು. ಜವಾನನಿಲ್ಲದ ದಿನ ನೀರೂ ಇಲ್ಲ.

ಮುಂದೆ ಕುಟುಂಬವು ಮುಂಬಯಿಗೆ ಹೋಗಿ, ಹತ್ತಿಯ ಗಿರಣಿಗಳಲ್ಲಿ ಕೂಲಿ ಮಾಡುವವರು ನೆಲೆಸಿದ್ದ ಕೇರಿಯಲ್ಲಿ ಚಾಳಿನ ಒಂದು ಕೊಠಡಿಯನ್ನು ಹಿಡಿಯಿತು. ಅಡಿಗೆ, ಊಟ, ನಿದ್ರೆ, ಓದು ಎಲ್ಲವೂ ಆ ಒಂದೇ ಕೊಠಡಿಯಲ್ಲಿ. ಅಲ್ಲಿಂದಲೇ ಬಾಲಕರು 1907ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿಯೂ, ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ನೆರವಿನಿಂದ 1912ರಲ್ಲಿ ಬಿ.ಎ. ಪರೀಕ್ಷೆಯಲ್ಲಿಯೂ ತೇರ್ಗಡೆ ಹೊಂದಿದರು. ಅದೇ ಮಹಾರಾಜರ ಸಹಾಯದಿಂದ 1913ರಲ್ಲಿ ಅಮೇರಿಕಾ ದೇಶಕ್ಕೆ ತೆರಳಿ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನು ವ್ಯಾಸಂಗ ಮಾಡಿದರು. ತರುವಾಯ ಲಂಡನ್ನಿನಲ್ಲಿ ಡಿ.ಎಸ್ಸಿ. ಪದವಿಯನ್ನೂ ಬ್ಯಾರಿಸ್ಟರ್ ಪದವಿಯನ್ನೂ ಸಂಪಾದಿಸಿ 1923ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ಇಷ್ಟೆಲ್ಲ ವಿದ್ಯೆಯಿದ್ದರೂ 1917ರಲ್ಲಿ ಬರೋಡೆಯಲ್ಲಿ ಅಧಿಕಾರಿಯಾಗಿದ್ದಾಗ ಜಾತಿಯ ಕಾರಣದಿಂದ ಅವರಿಗೆ ವಸತಿಯೇ ದೊರೆಯದೆ ಆ ಕೆಲಸವನ್ನು ಬಿಡಬೇಕಾಯಿತು.

ಈ ಕಥೆಯಲ್ಲಿ ಇನ್ನೊಬ್ಬರ ಹೆಸರನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಅವರು ಭೀಮರಾಯರ ಧರ್ಮಪತ್ನಿಯಾದ ರಮಾಬಾಯಿಯವರು. ಆ ಕಾಲದ ರೂಢಿಯಂತೆ 1906ರಲ್ಲಿಯೇ, ಇಬ್ಬರೂ ಎಳೆಯರಾಗಿರುವಾಗ, ಅವರ ವಿವಾಹವು ನಡೆದಿತ್ತು. ಪತಿಯು ಸಮುದ್ರದಾಚೆ ಪುಸ್ತಕಗಳ ನಡುವೆ ಹಗಲಿರುಳು ಕಳೆಯುತ್ತಿದ್ದ ವರ್ಷಗಳಲ್ಲಿ ಈ ಸಾಧ್ವಿಯು ಮುಂಬಯಿಯ ಚಾಳಿನಲ್ಲಿ ಅತ್ಯಲ್ಪ ಹಣದಿಂದ ಸಂಸಾರವನ್ನು ತೂಗಿಸಿದರು. ಹುಟ್ಟಿದ ಐವರು ಮಕ್ಕಳಲ್ಲಿ ನಾಲ್ವರು ಶೈಶವದಲ್ಲಿಯೇ ತೀರಿಕೊಂಡರು, ಯಶವಂತನೊಬ್ಬನೇ ಉಳಿದನು. ದೇಹಶ್ರಮದಿಂದಲೂ ಪುತ್ರಶೋಕದಿಂದಲೂ ಬಳಲಿದ ರಮಾಬಾಯಿಯವರು 1935ನೆಯ ಇಸವಿ ಮೇ ತಿಂಗಳ 27ರಂದು ದೈವಾಧೀನರಾದರು. ತಾಯಂದಿರ ಆರೋಗ್ಯವನ್ನೂ ಶಿಶುಗಳ ಪ್ರಾಣವನ್ನೂ ಕುರಿತು ಅಂಬೇಡ್ಕರರು ಸಭೆಗಳಲ್ಲಿ ಮಾತನಾಡಿದಾಗ, ಅವರು ಪುಸ್ತಕದಲ್ಲಿ ಓದಿದ್ದನ್ನು ಮಾತ್ರವೇ ಹೇಳುತ್ತಿದ್ದರೆಂದು ತಿಳಿಯಬಾರದು.

ಸ್ವದೇಶಕ್ಕೆ ಹಿಂದಿರುಗಿದ ಮೇಲೆ ಅವರು ಮುಂಬಯಿಯಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡು, 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯನ್ನು ಸ್ಥಾಪಿಸಿದರು. 1925ರ ಏಪ್ರಿಲ್ ತಿಂಗಳಲ್ಲಿ ನಮ್ಮ ಕನ್ನಡನಾಡಿನ ನಿಪ್ಪಾಣಿಯಲ್ಲಿ ಕೂಡಿದ ಪರಿಷತ್ತಿಗೂ ಬಂದಿದ್ದರು. 1927ರ ಮಾರ್ಚಿ 20ರಂದು ಮಹಾಡದ ಕೆರೆಯ ನೀರನ್ನು ಕೈಯಲ್ಲೆತ್ತಿ ಕುಡಿದು, ಸಾರ್ವಜನಿಕ ಜಲವು ಸರ್ವರಿಗೂ ಸೇರಿದ್ದೆಂದು ಸಾರಿದರು. ಅದೇ ಸುಮಾರಿಗೆ ಮುಂಬಯಿ ಶಾಸನಸಭೆಗೆ ಸರ್ಕಾರದಿಂದ ನಾಮಕರಣ ಹೊಂದಿದರು.

1928ನೆಯ ಇಸವಿಯಲ್ಲಿ ಆ ಸಭೆಯ ಮುಂದೆ ಒಂದು ಮಸೂದೆಯು ಬಂದಿತು. ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರಿಗೆ ಹೆರಿಗೆಯ ಮುನ್ನವೂ ಅನಂತರವೂ ಕೆಲವು ವಾರಗಳ ವಿಶ್ರಾಂತಿಯನ್ನೂ ಭತ್ಯವನ್ನೂ ಕೊಡಬೇಕೆಂಬುದು ಅದರ ತಾತ್ಪರ್ಯ. ಇಂತಹುದೇ ಮಸೂದೆಯೊಂದನ್ನು ಎನ್. ಎಂ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ತಂದಿದ್ದರೂ ಅದು ಬಿದ್ದುಹೋಗಿತ್ತು. ಗಿರಣಿಗಳಿಗೆ ಇದು ಹೊರೆಯಾಗುವುದೆಂದೂ, ಮಾಲೀಕರು ಹೆಂಗಸರನ್ನೇ ಕೆಲಸದಿಂದ ತೆಗೆದುಬಿಡುವರೆಂದೂ ಆಕ್ಷೇಪಣೆಗಳಿದ್ದವು. ಅಂಬೇಡ್ಕರರು ಮಸೂದೆಯ ಪರವಾಗಿ ವಾದಿಸಿದರು. ಪ್ರಸವದ ಹಿಂದುಮುಂದಿನ ದಿನಗಳಲ್ಲಿ ತಾಯಿಗೆ ವಿಶ್ರಾಂತಿಯಿರಬೇಕಾದುದು ಅವಳೊಬ್ಬಳ ಹಿತಕ್ಕಾಗಿ ಮಾತ್ರವಲ್ಲ, ರಾಷ್ಟ್ರದ ಹಿತಕ್ಕಾಗಿ. ಆದುದರಿಂದ ಆ ವೆಚ್ಚದ ಹೊಣೆಯು ಮುಖ್ಯವಾಗಿ ಸರ್ಕಾರದ ಮೇಲಿರತಕ್ಕದ್ದು. ಆದರೂ ಹೆಂಗಸಿನ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನು ತನ್ನ ಪಾಲನ್ನು ಕೊಡದೆ ನುಣುಚಿಕೊಳ್ಳುವಂತಿಲ್ಲ ಎಂಬುದು ಅವರ ವಾದದ ಸಾರವಾಗಿತ್ತು. ಮುಂಬಯಿಯ ಹೆರಿಗೆ ಸೌಲಭ್ಯ ಕಾಯಿದೆಯು 1929ರಲ್ಲಿ ಜಾರಿಗೆ ಬಂದಿತು.

ಈ ವಾದವನ್ನು ವಾಚಕರು ನಿಧಾನವಾಗಿ ಆಲೋಚಿಸಬೇಕು. ಕೂಸು ಹುಟ್ಟುವುದರಿಂದ ಬರುವ ಖರ್ಚನ್ನೂ ಸಂಬಳದ ನಷ್ಟವನ್ನೂ ಯಾರು ಹೊರಬೇಕು? ಕಾಯಿದೆಯಿಲ್ಲದ ಕಡೆ ಅದನ್ನು ತಾಯಿಯೊಬ್ಬಳೇ ಹೊರುವಳು. ಅವಳಿಂದಾಗದಿದ್ದರೆ ಕೂಸು ತನ್ನ ಪ್ರಾಣದಿಂದ ಹೊರುವುದು. ದಯಾಳುವಾದ ಯಜಮಾನನು ಒಂದಿಷ್ಟು ಹಣವನ್ನು ಕೊಟ್ಟಾನು, ನಿರ್ದಯನು ಕೊಡಲಾರನು. ದಯೆಯು ಉತ್ತಮ ಗುಣವೇ. ಆದರೆ ದಯೆಯನ್ನು ನಂಬಿ ಬದುಕಬೇಕಾದ ತಾಯಿಯು ಪ್ರತಿಯೊಂದು ಸಲವೂ ಕೈಯೊಡ್ಡಬೇಕಾಗುವುದು. ಅದೇ ಸಹಾಯವು ಕಾಯಿದೆಯ ಮೂಲಕ ಬಂದಾಗ ಅವಳು ತಲೆಯೆತ್ತಿ ನಿಂತು ತನಗೆ ಸಲ್ಲತಕ್ಕದ್ದನ್ನು ಕೇಳುವಳು. ದಾನವನ್ನು ಹಕ್ಕಾಗಿ ಮಾರ್ಪಡಿಸುವ ಈ ಕೆಲಸಕ್ಕೆ ಅಂಬೇಡ್ಕರರು ತಮ್ಮ ಉಳಿದ ಆಯುಸ್ಸಿನ ಬಹುಭಾಗವನ್ನು ಸವೆಸಿದರು.

1936ರಲ್ಲಿ ಅವರು ಸ್ವತಂತ್ರ ಕಾರ್ಮಿಕ ಪಕ್ಷವನ್ನು ಕಟ್ಟಿ, ಮರುವರ್ಷ ಮುಂಬಯಿ ಶಾಸನಸಭೆಗೆ ಚುನಾಯಿತರಾದರು. ಮುಷ್ಕರ ಹೂಡುವ ಸ್ವಾತಂತ್ರ್ಯವನ್ನು ಕುಗ್ಗಿಸುವ ಮಸೂದೆಯೊಂದು ಬಂದಾಗ 1938ರ ನವೆಂಬರ್ 7ರಂದು ಕಾರ್ಮಿಕರೊಡನೆ ನಿಂತು ಪ್ರತಿಭಟಿಸಿದರು. ಬಳಿಕ 1942ರ ಜುಲೈ ತಿಂಗಳಲ್ಲಿ ವೈಸ್‌ರಾಯರ ಕಾರ್ಯಾಂಗ ಸಭೆಯ ಕಾರ್ಮಿಕ ಸದಸ್ಯರಾಗಿ ನೇಮಕಗೊಂಡರು. ಚಾಳಿನ ಒಂದೇ ಕೊಠಡಿಯಲ್ಲಿ ಬೆಳೆದ ಬಾಲಕನ ಕೈಗೆ ಇಡೀ ಬ್ರಿಟಿಷ್ ಇಂಡಿಯಾದ ಕಾರ್ಮಿಕರ ಯೋಗಕ್ಷೇಮವು ಬಂದಿತು.

ಆ ನಾಲ್ಕು ವರ್ಷಗಳಲ್ಲಿ ನಡೆದ ಕೆಲಸವು ಬಹಳ. ಸರ್ಕಾರ, ಮಾಲೀಕರು, ಕಾರ್ಮಿಕರು ಈ ಮೂವರೂ ಒಂದೇ ಮೇಜಿನ ಸುತ್ತ ಕುಳಿತು ಆಲೋಚಿಸುವ ತ್ರಿಪಕ್ಷ ಸಮ್ಮೇಳನದ ಪದ್ಧತಿಯು 1942ರಲ್ಲಿ ನೆಲೆಗೊಂಡಿತು. ಗಣಿಗಳಲ್ಲಿ ದುಡಿಯುವ ಹೆಂಗಸರ ಹೆರಿಗೆ ಸೌಲಭ್ಯದ ಕಾಯಿದೆಯು ತಿದ್ದುಪಡಿ ಹೊಂದಿತು. ಕಲ್ಲಿದ್ದಲ ಗಣಿಯ ಕೆಲಸಗಾರರ ವಸತಿ, ವೈದ್ಯಸಹಾಯ ಮೊದಲಾದವುಗಳಿಗಾಗಿ 1944ರಲ್ಲಿ ಒಂದು ಕ್ಷೇಮನಿಧಿಯು ಏರ್ಪಟ್ಟಿತು. ಕಾರ್ಖಾನೆಯ ಕೆಲಸಗಾರರಿಗೆ ವರ್ಷಕ್ಕೆ ಕೆಲವು ದಿನಗಳ ಸಂಬಳಸಹಿತ ರಜೆಯು 1945ರ ತಿದ್ದುಪಡಿಯಿಂದ ದೊರೆಯಿತು. ವಾರಕ್ಕೆ 54 ಗಂಟೆಗಳಿದ್ದ ದುಡಿಮೆಯು 1946ರ ತಿದ್ದುಪಡಿಯಿಂದ 48 ಗಂಟೆಗಳಿಗೆ ಇಳಿಯಿತು. ಕನಿಷ್ಠ ಕೂಲಿಯ ಮಸೂದೆಯು ಅದೇ ವರ್ಷ ಏಪ್ರಿಲ್ ತಿಂಗಳಲ್ಲಿ ಸಭೆಯ ಮುಂದೆ ಬಂದು 1948ರಲ್ಲಿ ಕಾಯಿದೆಯಾಯಿತು. ಕಾರ್ಮಿಕರ ಆರೋಗ್ಯವಿಮೆಯನ್ನು ಕುರಿತು ಪ್ರೊಫೆಸರ್ ಅಡಾರ್ಕರರು 1944ರಲ್ಲಿ ಒಪ್ಪಿಸಿದ ವರದಿಯೇ 1948ರ ನೌಕರರ ರಾಜ್ಯವಿಮಾ ಕಾಯಿದೆಗೆ ತಳಹದಿಯಾಯಿತು. ವಾರದಲ್ಲಿ ಆರು ಗಂಟೆ ಉಳಿಯಿತೆಂಬುದು ಸಣ್ಣ ಮಾತೆಂದು ತೋರಬಹುದು. ಆದರೆ ಗಿರಣಿಯಿಂದ ಮನೆಗೆ ಬಂದು ಮತ್ತೆ ಒಲೆಯ ಮುಂದೆ ಕೂರಬೇಕಾದ ತಾಯಿಯನ್ನು ಕೇಳಿದರೆ ಆ ಆರು ಗಂಟೆಗಳ ಬೆಲೆಯು ತಿಳಿದೀತು.

ಅಧಿಕಾರದಲ್ಲಿರುವವರ ದಾರಿಯು ಯಾವಾಗಲೂ ಸಮವಾದುದಲ್ಲ. ಹೆಂಗಸರನ್ನು ಗಣಿಯ ಸುರಂಗಗಳೊಳಗೆ ಇಳಿಸಕೂಡದೆಂಬ ನಿಷೇಧವು ಮೊದಲೇ ಇತ್ತು. ಯುದ್ಧಕಾಲದಲ್ಲಿ ಕಲ್ಲಿದ್ದಲಿನ ಅಭಾವವುಂಟಾದುದರಿಂದ 1943ರಲ್ಲಿ ಸರ್ಕಾರವು ಆ ನಿಷೇಧವನ್ನು ಸಡಲಿಸಿತು. ಅಖಿಲ ಭಾರತ ಮಹಿಳಾ ಪರಿಷತ್ತಿನವರು ಇದನ್ನು ಬಲವಾಗಿ ವಿರೋಧಿಸಿದರು. ಅವರ ವಿರೋಧವು ನ್ಯಾಯವಾದುದಾಗಿತ್ತು. ಸರ್ಕಾರದ ಪರವಾಗಿ ಉತ್ತರ ಕೊಡಬೇಕಾದ ಹೊಣೆ ಅಂಬೇಡ್ಕರರ ಮೇಲೆ ಬಿದ್ದಿತು. ಇದು ಆಪತ್ಕಾಲದ ಏರ್ಪಾಡೆಂದೂ, ಸುರಂಗದಲ್ಲಿ ದುಡಿಯುವ ಹೆಂಗಸಿಗೆ ಗಂಡಸಿನಷ್ಟೇ ಕೂಲಿ ಸಲ್ಲಬೇಕೆಂಬ ನಿಯಮವನ್ನು ಮಾಡಲಾಗಿದೆಯೆಂದೂ ಅವರು ಸಭೆಗೆ ತಿಳಿಸಿದರು. 1946ರ ಫೆಬ್ರವರಿ ತಿಂಗಳಿನಿಂದ ನಿಷೇಧವು ಪುನಃ ಜಾರಿಗೆ ಬಂದಿತು. ಸುರಂಗದೊಳಕ್ಕೆ ಹೆಂಗಸರನ್ನು ಇಳಿಸಿದ್ದು ಹೆಮ್ಮೆಯ ಸಂಗತಿಯಲ್ಲ. ಆದರೆ ಅಂತಹ ಇಕ್ಕಟ್ಟಿನ ಸಮಯದಲ್ಲಿಯೂ ಸಮಾನ ಕೂಲಿಯೆಂಬ ತತ್ತ್ವವನ್ನು ಕೈಬಿಡಲಿಲ್ಲವೆಂಬುದನ್ನೂ ಚರಿತ್ರೆಯು ಮರೆಯಲಾಗದು.

ಸ್ವಾತಂತ್ರ್ಯವು ಬಂದಾಗ ಅವರು ದೇಶದ ಪ್ರಥಮ ಕಾನೂನು ಮಂತ್ರಿಗಳಾದರು. 1947ರ ಆಗಸ್ಟ್ 29ರಂದು ರಾಜ್ಯಾಂಗದ ಕರಡು ಸಮಿತಿಯು ರಚಿತವಾಗಿ, ಅದಕ್ಕೆ ಅವರೇ ಅಧ್ಯಕ್ಷರಾದರು. 1949ರ ನವೆಂಬರ್ 26ರಂದು ಅಂಗೀಕೃತವಾದ ರಾಜ್ಯಾಂಗದ 15ನೆಯ ವಿಧಿಯು ಲಿಂಗದ ಕಾರಣದಿಂದ ರಾಜ್ಯವು ಭೇದವೆಣಿಸಕೂಡದೆಂದು ಹೇಳುವುದಲ್ಲದೆ, ಹೆಂಗಸರಿಗೂ ಮಕ್ಕಳಿಗೂ ವಿಶೇಷ ಏರ್ಪಾಡುಗಳನ್ನು ಮಾಡಲು ಅವಕಾಶವನ್ನೂ ಕೊಡುವುದು. ಸಮಾನ ಕೆಲಸಕ್ಕೆ ಸಮಾನ ವೇತನವಿರಬೇಕೆಂಬುದು 39ನೆಯ ವಿಧಿಯಲ್ಲಿಯೂ, ಕೆಲಸದ ಸ್ಥಿತಿಗತಿಗಳು ಮಾನವೀಯವಾಗಿದ್ದು ಹೆರಿಗೆಯ ನೆರವು ದೊರೆಯಬೇಕೆಂಬುದು 42ನೆಯ ವಿಧಿಯಲ್ಲಿಯೂ ಇರುವುವು. ಕಡೆಯ ಎರಡು ನ್ಯಾಯಸ್ಥಾನದಲ್ಲಿ ನೇರವಾಗಿ ಕೇಳಿ ಪಡೆಯತಕ್ಕ ಹಕ್ಕುಗಳಲ್ಲ. ರಾಜ್ಯವು ಕಾಯಿದೆಗಳನ್ನು ಮಾಡುವಾಗ ಅನುಸರಿಸತಕ್ಕ ತತ್ತ್ವಗಳು. ಆದರೂ ಮುಂದೆ ಬಂದ 1961ರ ಹೆರಿಗೆ ಸೌಲಭ್ಯ ಕಾಯಿದೆಗೂ, 1976ರ ಸಮಾನ ವೇತನ ಕಾಯಿದೆಗೂ ಇವೇ ದಾರಿದೀಪಗಳಾದವು.

ಇಲ್ಲಿ ನಮ್ಮ ನಾಡಿನ ಸಂಗತಿಯನ್ನು ಹೇಳಬೇಕು. ಭದ್ರಾವತಿಯು ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತಾದ್ದರಿಂದ ಬ್ರಿಟಿಷ್ ಇಂಡಿಯಾದ ಕಾಯಿದೆಗಳು ತಾವಾಗಿಯೇ ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಸಂಸ್ಥಾನವು ಭಾರತದೊಡನೆ ಒಂದಾದ ಮೇಲೆ ಕಾರ್ಖಾನೆ, ಕೂಲಿ, ವಿಮೆಗಳ ಕೇಂದ್ರ ಕಾಯಿದೆಗಳು ಭದ್ರಾವತಿಯ ಊದುಕುಲುಮೆಯ ಬಳಿಗೂ ತಲುಪಿದವು. ಮೈಸೂರು ಸಂಸ್ಥಾನವು ಇನ್ನೊಂದು ವಿಷಯದಲ್ಲಿ ಮುಂದಾಗಿತ್ತೆಂಬುದೂ ನಿಜ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1933ರಲ್ಲಿಯೇ, ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯು ಇಲ್ಲಿ ಆಗಿತ್ತು. ಇಡೀ ದೇಶಕ್ಕೆ ಅದಕ್ಕಿಂತಲೂ ವಿಸ್ತಾರವಾದ ಹಿಂದೂ ಸಂಹಿತೆಯನ್ನು ತರಬೇಕೆಂದು ಅಂಬೇಡ್ಕರರು ಶ್ರಮಿಸಿದರು. ದುಡಿದ ಹಣವು ಕೈಗೆ ಬಂದರೂ ತವರಿನ ಆಸ್ತಿಯಲ್ಲಿ ಪಾಲಿಲ್ಲದ, ವಿವಾಹದಲ್ಲಿ ಸಮಾನತೆಯಿಲ್ಲದ ಹೆಂಗಸು ಕಾರ್ಖಾನೆಯಲ್ಲಿ ಮಾತ್ರ ಹೇಗೆ ಸಮಾನಳಾದಾಳು? ಮಸೂದೆಯು ಮುಂದಕ್ಕೆ ಸಾಗದಿದ್ದಾಗ 1951ರ ಸೆಪ್ಟೆಂಬರಿನಲ್ಲಿ ಅವರು ಮಂತ್ರಿಪದವಿಯನ್ನೇ ತ್ಯಜಿಸಿದರು. ಅವರು ಬಯಸಿದ್ದರಲ್ಲಿ ಬಹುಭಾಗವು 1955 ಮತ್ತು 1956ರಲ್ಲಿ ಬೇರೆ ಬೇರೆ ಕಾಯಿದೆಗಳಾಗಿ ಬಂದಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳೊಡನೆ ಸಮಪಾಲನ್ನು ಕರ್ನಾಟಕವು 1994ರಲ್ಲಿಯೂ, ಇಡೀ ದೇಶವು 2005ರಲ್ಲಿಯೂ ಕೊಟ್ಟಿತು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದ ಅಂಬೇಡ್ಕರರು, ಎರಡು ತಿಂಗಳು ತುಂಬುವುದರೊಳಗಾಗಿ, ಡಿಸೆಂಬರ್ 6ರಂದು ದೆಹಲಿಯಲ್ಲಿ ನಿದ್ರೆಯಲ್ಲಿಯೇ ಕಾಲವಶರಾದರು. 1990ರಲ್ಲಿ ಅವರಿಗೆ ಮರಣೋತ್ತರವಾಗಿ ಭಾರತರತ್ನ ಪ್ರಶಸ್ತಿಯು ಸಂದಿತು.

ಅವರು ಹೊತ್ತಿಸಿದ ದೀಪವು ಎಷ್ಟು ದೂರ ಬೆಳಕನ್ನು ಕೊಟ್ಟಿದೆ, ಎಲ್ಲಿ ಇನ್ನೂ ಕತ್ತಲಿದೆ ಎಂಬುದನ್ನು ನೋಡೋಣ. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆಯು ಸಲ್ಲುವಂತಾಯಿತು. 50 ಮಂದಿ ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವೆಡೆ ಶಿಶುಪಾಲನಾ ಗೃಹವಿರಬೇಕು. ತಾಯಿಯು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಕೂಸನ್ನು ನೋಡಬಹುದು. ಹೆರಿಗೆಗೆಂದು ಹೋದವಳನ್ನು ಆ ಕಾರಣದಿಂದ ಕೆಲಸದಿಂದ ತೆಗೆಯುವಂತಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಹಳೆಯ ಕಾಯಿದೆಗಳು ಲೀನವಾದರೂ ಈ ಸೌಲಭ್ಯಗಳು ಉಳಿದುಕೊಂಡಿರುವುವು. ಕೂಲಿಗೆ ಹೋಗುವ ಹಳ್ಳಿಯ ತಾಯಂದಿರ ಮಕ್ಕಳಿಗಾಗಿ ಕರ್ನಾಟಕ ಸರ್ಕಾರವು 2023ರಿಂದೀಚೆಗೆ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯತೊಡಗಿತು.

ಆದರೆ ಭದ್ರಾವತಿಯ ಕಾಗದದ ಕಾರ್ಖಾನೆಯು 2015ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯೂ ಮೊದಲಿನ ಭರದಲ್ಲಿಲ್ಲ. ತಂದೆಯ ಸಂಬಳವು ನಿಂತ ಮನೆಯಲ್ಲಿ ತಾಯಿಯ ಸಂಬಳವೇ ಆಧಾರವಾಗುವುದು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿಯ ಸುತ್ತಿನ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತವರಲ್ಲಿ ಹೆಂಗಸರೇ ಬಹಳ. ಅವರ ಹೆಸರು ಕಾರ್ಖಾನೆಯ ಪುಸ್ತಕದಲ್ಲಿರುವುದರಿಂದ ಕಾಯಿದೆಯು ಅವರನ್ನು ಕಾಯಬಲ್ಲದು. ಆದರೆ ಮನೆಗೆಲಸದವಳು, ಅಡಿಕೆ ಸುಲಿಯುವವಳು, ಕಟ್ಟಡದಲ್ಲಿ ಬಾಣಲಿ ಹೊರುವವಳು ಇವರ ಹೆಸರು ಯಾವ ಪುಸ್ತಕದಲ್ಲಿರುವುದು? ಇವರಲ್ಲಿ ಬಹುಮಂದಿಗೆ ಹೆರಿಗೆಯೆಂದರೆ ಇಂದಿಗೂ ಕೂಲಿಯಿಲ್ಲದ ದಿನಗಳೇ.

ಇನ್ನೊಂದು ಕೊರತೆಯೂ ಉಂಟು. ರಾಜ್ಯವಿಮೆಗೆ ಒಳಪಟ್ಟ ಕಾರ್ಖಾನೆಗಳಲ್ಲಿ ಹೆರಿಗೆಯ ಭತ್ಯವು ಎಲ್ಲರ ವಂತಿಗೆಯಿಂದ ಕೂಡಿದ ನಿಧಿಯಿಂದ ಬರುವುದು; ಹಾಗಿಲ್ಲದ ಕಡೆ 26 ವಾರಗಳ ಸಂಬಳವನ್ನು ಮಾಲೀಕನೊಬ್ಬನೇ ಕೊಡಬೇಕು. ಇದರಿಂದ ಕೆಲವರು ಎಳೆಯ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂದೆಗೆಯುವರು. ಹೊರೆಯನ್ನು ರಾಷ್ಟ್ರವು ಹಂಚಿಕೊಳ್ಳಬೇಕೆಂದು ಅಂಬೇಡ್ಕರರು 1928ರಲ್ಲಿ ವಾದಿಸಿದ್ದು ಎಷ್ಟು ದೂರದರ್ಶಿಯಾದ ಮಾತೆಂಬುದು ಇದರಿಂದ ವಿಶದವಾಗುವುದು. ಅಲ್ಲದೆ, ಕೇಂದ್ರ ಸರ್ಕಾರದ ಗಂಡಸು ನೌಕರರಿಗೆ ಮಗು ಹುಟ್ಟಿದಾಗ 15 ದಿನಗಳ ರಜೆಯಿದ್ದರೂ, ಖಾಸಗಿ ಕಾರ್ಖಾನೆಯ ತಂದೆಗೆ ಅಂತಹ ರಜೆಯನ್ನು ಕೊಡತಕ್ಕ ಕಾಯಿದೆಯಿಲ್ಲ. ಮಗುವನ್ನು ಸಾಕುವುದು ತಾಯಿಯೊಬ್ಬಳ ಕೆಲಸವೆಂದು ಕಾಯಿದೆಯೇ ಎಣಿಸುವವರೆಗೆ ಮನೆಯಲ್ಲಿಯೂ ಕಾರ್ಖಾನೆಯಲ್ಲಿಯೂ ಸಮಾನತೆಯು ಪೂರ್ಣವಾಗಲಾರದು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ವೈದ್ಯರೂ ಉಪಾಧ್ಯಾಯಿನಿಯರೂ ಆಗುವಿರಿ. ಕೆಲವರು ಕಾರ್ಖಾನೆಗಳಲ್ಲಿ ದುಡಿಯುವಿರಿ. ಕೆಲವರು ನೂರಾರು ಜನರಿಗೆ ಕೆಲಸ ಕೊಡುವ ಸ್ಥಾನವನ್ನೂ ಏರುವಿರಿ. ಕೆಲಸಕ್ಕೆ ಸೇರುವ ದಿನವೇ ನಿಮಗೆ ಸಲ್ಲತಕ್ಕದ್ದು ಏನೆಂಬುದನ್ನು ಓದಿ ತಿಳಿದುಕೊಳ್ಳಿರಿ. ಹೆರಿಗೆಯ ಸೌಲಭ್ಯ ಪಡೆಯಲು ಹಿಂದಿನ ಹನ್ನೆರಡು ತಿಂಗಳುಗಳಲ್ಲಿ 80 ದಿನ ದುಡಿದಿರಬೇಕೆಂಬಂತಹ ಸಣ್ಣ ವಿವರಗಳನ್ನು ಅರಿಯದ ಕಾರಣದಿಂದಲೇ ಹಲವರು ತಮ್ಮ ಹಕ್ಕನ್ನು ಕಳೆದುಕೊಳ್ಳುವರು. ನಿಮ್ಮ ನೆರೆಯಲ್ಲಿ ಓದುಬರಹವಿಲ್ಲದ ತಾಯಿಯಿದ್ದರೆ ಅವಳ ವಿಮೆಯ ಚೀಟಿಯನ್ನು ಅವಳಿಗೆ ಓದಿ ಹೇಳಿರಿ. ನೀವೇ ಯಜಮಾನಿಯರಾದಾಗ, ನಿಮ್ಮ ಮನೆಯ ಪಾತ್ರೆ ತೊಳೆಯುವವಳಿಗೂ ವಾರದ ರಜೆ, ಹೆರಿಗೆಯ ವಿಶ್ರಾಂತಿ, ನ್ಯಾಯವಾದ ಸಂಬಳಗಳನ್ನು ಕಾಯಿದೆಯು ಕೇಳುವುದಕ್ಕೆ ಮೊದಲೇ ಕೊಡಿರಿ. ಕಾಯಿದೆಯು ಅವಳನ್ನೂ ತಲುಪಬೇಕೆಂದು ಕೇಳುವವರ ಸಾಲಿನಲ್ಲಿಯೂ ನಿಲ್ಲಿರಿ. ಅಂಬೇಡ್ಕರ್ ಅವರ ಪ್ರತಿಮೆಗೆ ಹಾಕುವ ಹೂಮಾಲೆಯು ಸಂಜೆಗೆ ಬಾಡುವುದು. ಈ ಕೆಲಸವು ಬಾಡದು.